ಕಾಲನ್ನು ಕೇಳುವ ಹುಡುಗಿ

ನಮ್ಮ ಯಜಮಾನರ ಕಾಲಿನ ಮೂಳೆಯಲ್ಲಿ ವರ್ಷಗಟ್ಟಲೆ ಕೀವಿತ್ತು. ಆಪರೇಷನ್ ಆದ ಮೇಲೆ ವ್ಯಾಯಾಮ ಮಾಡಿಸಲು ಕುಂಜತ್ತೂರಿನಿಂದ ಒಬ್ಬಳು ಫಿಸಿಯೋ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಬಂದವಳೇ ಕೈಯ ಹಿಂಬದಿಯನ್ನು ಎರಡೂ ಕಾಲಿಗೆ ತಾಗಿಸಿ, "ಕಾಲು ಎಂತ ಹೇಳ್ತದೆ ಕೇಳುವ" ಎನ್ನುವಳು. ಬಿಸಿಯಿದ್ದರೆ ಕೀವು ಮರಳಿದೆಯೆಂದು ಅನುಮಾನ; ಆ ದಿನ ವ್ಯಾಯಾಮ ಇಲ್ಲ.

ಮೊಮ್ಮಗಳ ಮದುವೆಗೆ ಇಗರ್ಜಿಯಲ್ಲಿ ಕೋಲಿಲ್ಲದೆ ನಡೆಯಬೇಕೆಂದು ಇವರ ಹಟ. ಅಷ್ಟರಲ್ಲಿ ಒಂದು ಬೆಳಿಗ್ಗೆ ಕಾಲು ಬಿಸಿಯಾಯಿತು. ಇವರು ಫ್ರೀಜರಿನ ಬಂಗುಡೆ ಪೊಟ್ಟಣವನ್ನು ಅದಕ್ಕೆ ಒತ್ತಿ ತಣ್ಣಗೆ ಮಾಡಿ, ಪೊಟ್ಟಣವನ್ನು ಕುರ್ಚಿಯಡಿ ಅಡಗಿಸಿ, ಸಾಧುವಿನಂತೆ ಕುಳಿತರು. ನಾನು ಮೀನೆಲ್ಲಿ ಎಂದು ಅಡುಗೆಮನೆಯೆಲ್ಲ ಹುಡುಕುತ್ತಿದ್ದೆ.

ಹುಡುಗಿ ಕಾಲು ಮುಟ್ಟಿದಳು, ಮೂಸಿದಳು.

"ಅಜ್ಜ, ಕಾಲಿಗೆ ಮೀನಿನ ವಾಸನೆ ಎಂತಕ್ಕೆ?"

"ಸೆಂಟು ಮಾರಾಯ್ತಿ."

ನಾನು ನಕ್ಕೆ, ಅವಳು ನಗಲಿಲ್ಲ. ತಣುಪು ಇಳಿಯುವವರೆಗೆ ಕಾದು ಮತ್ತೆ ಮುಟ್ಟಿದಳು. "ಮದುವೆ ಮತ್ತೆ. ಈಗ ಡಾಕ್ಟರ್ ಹತ್ರ ಹೋಗುವ" ಎಂದು ರಿಕ್ಷಾ ಕರೆದಳು.

ಮದುವೆಯ ದಿನ ಇವರು ಆಸ್ಪತ್ರೆಯಲ್ಲಿದ್ದರು. ಕಾಲು ಉಳಿಯಿತು.

ಮರಿಮಗುವಿನ ಜ್ಞಾನಸ್ನಾನದಂದು ಇವರೇ ಮಗುವನ್ನೆತ್ತಿಕೊಂಡು ಇಗರ್ಜಿಯ ಮೆಟ್ಟಿಲು ಹತ್ತಿದರು. ಎಲ್ಲರೂ ಮಗುವನ್ನು ನೋಡುತ್ತಿದ್ದರೆ, ನಾವು ಕರೆದಿದ್ದ ಫಿಸಿಯೋ ಹುಡುಗಿ ನನ್ನನ್ನು ತಿವಿದು, "ಅಜ್ಜೀ, ಅಜ್ಜನ ಮೊಣಕಾಲು ನೋಡಿ, ಎಷ್ಟು ಚೆಂದ ಉಂಟು" ಎಂದಳು.