ಕಿರುಬೆರಳಿನ ಮೇಷ್ಟ್ರು

ನಮ್ಮ ಪೊಲೀಸ್ ತರಬೇತಿ ಶಾಲೆಯಲ್ಲಿ ಬಂದೂಕು ಕಲಿಸುತ್ತಿದ್ದ ಹೆಡ್ ಕಾನ್ಸ್‌ಟೇಬಲ್‌ಗೆ ಕಲಿಯುವವರು ಇಟ್ಟ ಹೆಸರು ಕಿರುಬೆರಳಿನ ಮೇಷ್ಟ್ರು. ಇದು ಅವರ ಕಿವಿಗೆ ಬಿದ್ದಿಲ್ಲ ಅಂದುಕೊಂಡಿದ್ದೆವು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತಂತೆ. ನಾನು ಅವರ ಕೈಕೆಳಗೇ ಕಲಿತು, ಐದು ವರ್ಷ ಠಾಣೆ ಠಾಣೆ ಅಲೆದು, ಆಮೇಲೆ ಅವರ ಸಹಾಯಕಿಯಾಗಿ ಅದೇ ಫೈರಿಂಗ್ ರೇಂಜಿಗೆ ಮರಳಿದವಳು.

ಬಂದೂಕನ್ನು ಯಾರ ಕೈಗೇ ಕೊಡಲಿ, ಮೊದಲು ಒಳಗೆ ಕಣ್ಣು ಹಾಯಿಸಬೇಕು. ಆಮೇಲೆ ಗುಂಡು ಕೂರುವ ಗೂಡಿಗೆ ಕಿರುಬೆರಳು ತೂರಿಸಿ ಮುಟ್ಟಿ ನೋಡಬೇಕು. ಆಮೇಲಷ್ಟೇ ‘ಖಾಲಿ’ ಅನ್ನಬೇಕು. ತೆಗೆದುಕೊಂಡವರು ಇಷ್ಟನ್ನೂ ಮತ್ತೆ ಮಾಡಬೇಕು. ಅದು ಅವರ ಕಾನೂನು. “ಈಗ ತಾನೇ ನೀವೇ ನೋಡಿದ್ರಲ್ಲ ಸರ್” ಅಂದವನ ಕಥೆ ಅಲ್ಲಿಗೆ ಮುಗಿಯಿತು.

“ನಾನು ನೋಡಿದ್ದು ನನಗಾಯ್ತು. ನೀನು ಯಾವಾಗ ನೋಡೋದು? ನಿಮ್ಮಪ್ಪನೇ ಬಂದು ಕೊಟ್ರೂ ಬೆರಳು ಹಾಕಿ ನೋಡು!”

ಮನೆಯಲ್ಲೂ ಇದೇ ರಾಮಾಯಣ. ಇಸ್ತ್ರಿ ಪೆಟ್ಟಿಗೆ ಆರಿದೆಯೇ ಎಂದು ಮುಟ್ಟಿ ನೋಡಿ ಬೊಬ್ಬೆ ಬರಿಸಿಕೊಂಡ ಮಹಾನುಭಾವ ಎಂದು ಅವರ ಹೆಂಡತಿ ನಗುತ್ತಿದ್ದರು. ಮೊಮ್ಮಗಳ ಶೂ ಒಳಗೆ ಕೈ ಹಾಕಿ ತಡಕದೆ ಅವಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಈ ಗೀಳಿಗೆ ಕಾರಣವೂ ಮನೆಯಲ್ಲೇ ಓಡಾಡಿಕೊಂಡಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರು ಖಾಲಿ ಎಂದುಕೊಂಡು ಒರೆಸುತ್ತಿದ್ದ ರೈಫಲ್ ಸಿಡಿದು, ಜೊತೆಗಾರನ ಟ್ರಂಕನ್ನೂ ಅದರೊಳಗಿನ ಏಳು ಅಂಗಿಗಳನ್ನೂ ತೂತು ಮಾಡಿತ್ತು. ಟ್ರಂಕಿನ ಮೇಲೆ ಕೂತಿದ್ದ ಜೊತೆಗಾರ ಆಗ ತಾನೇ ನೀರು ಕುಡಿಯಲು ಎದ್ದು ಹೋಗಿದ್ದ. ಮುಂದೆ ಆತನೇ ಇವರ ತಂಗಿಯ ಗಂಡನಾದ. “ಗುಂಡಿನಿಂದ ತಪ್ಪಿಸಿಕೊಂಡೆ, ತಂಗಿಯಿಂದ ಆಗಲಿಲ್ಲ” ಎಂದು ಆ ಭಾವಮೈದುನ ತಮಾಷೆ ಮಾಡಿದಾಗಲೆಲ್ಲ ಎಲ್ಲರೂ ನಗುತ್ತಿದ್ದರು, ಮೇಷ್ಟ್ರೊಬ್ಬರನ್ನು ಬಿಟ್ಟು.

ಹಳೆಯ ರಿವಾಲ್ವರುಗಳ ಬದಲು ಹೊಸ ಪಿಸ್ತೂಲು ಬೇಕೆಂದು ಇಲಾಖೆ ತೀರ್ಮಾನಿಸಿದಾಗ ಇವರ ಅಭಿಪ್ರಾಯವನ್ನೂ ಕೇಳಿದರು. ಮಾದರಿ ಪಿಸ್ತೂಲನ್ನು ಒಂದು ವಾರ ಬಿಚ್ಚಿ ಜೋಡಿಸಿ, ಕೊನೆಗೆ ಎರಡೇ ಸಾಲು ಬರೆದುಕೊಟ್ಟರು: “ಹಗುರ, ಗುರಿ ಚೆನ್ನ, ಸಣ್ಣ ಕೈಗೂ ಒಗ್ಗುತ್ತದೆ. ಆದರೆ ಗುಟ್ಟು ಮುಚ್ಚಿಡುವ ಸ್ವಭಾವ.” ರಿವಾಲ್ವರಿನ ಉರುಳೆ ತೆರೆದರೆ ಆರು ತೂತೂ ಎದುರಿಗೇ ಕಾಣುತ್ತವೆ. ಈ ಪಿಸ್ತೂಲಿನಲ್ಲಿ ಗುಂಡು ತುಂಬಿದ ಮ್ಯಾಗಜಿನ್ ತೆಗೆದ ಮೇಲೂ ಒಂದು ಗುಂಡು ಒಳಗೇ ಉಳಿದಿರಬಹುದು. ಸಾಲದ್ದಕ್ಕೆ, ಒರೆಸಲು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಇಲಾಖೆ ಮೊದಲ ಸಾಲು ಓದಿ ಅದನ್ನೇ ಕೊಂಡಿತು.

ಅವರ ನಿವೃತ್ತಿಗೆ ಮೂರು ತಿಂಗಳಿರುವಾಗ ನನಗೆ ಅನುಮಾನ ಬಂತು. ನಾವೆಲ್ಲ ಕರವಸ್ತ್ರ ಸುತ್ತಿ ಹಿಡಿಯುತ್ತಿದ್ದ ಬಿಸಿ ಟೀ ಲೋಟವನ್ನು ಇವರು ಬರಿಗೈಯಲ್ಲಿ ಹಿಡಿದು ಮಾತಾಡುತ್ತಾ ನಿಂತಿದ್ದರು. ಅಂಗಿಯ ಗುಂಡಿಯನ್ನು ಬಗ್ಗಿ ನೋಡಿಕೊಂಡು ಹಾಕುತ್ತಿದ್ದರು. ಕೇಳಿಯೇಬಿಟ್ಟೆ.

“ಸಕ್ಕರೆ ಕಾಯಿಲೆ ಕಣಮ್ಮ. ಬೆರಳ ತುದಿ ಸ್ವಲ್ಪ ಜೋಮು. ಯಾರಿಗೂ ಹೇಳಬೇಡ. ಗೊತ್ತಾದ್ರೆ ನಾಳೆನೇ ಉಗ್ರಾಣಕ್ಕೆ ಹಾಕ್ತಾರೆ, ಬೂಟು ಹಂಚೋಕೆ. ಮೂವತ್ತು ವರ್ಷ ಇಲ್ಲಿ ನಿಂತಿದೀನಿ. ಇಲ್ಲಿಂದಲೇ ಮನೆಗೆ ಹೋಗ್ತೀನಿ.”

ನಾನು ತಲೆಯಾಡಿಸಿದೆ. ಆಡಿಸಬಾರದಿತ್ತು. ಪ್ರೀತಿಯಿಂದ ಮಾಡಿದ ತಪ್ಪು ಎಂದು ಸಮಾಧಾನ ಹೇಳಿಕೊಂಡರೂ ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಎರಡು ವಾರದ ನಂತರ, ಬೆಳಗಿನ ಗುರಿ ಅಭ್ಯಾಸ ಮುಗಿದು ಪಿಸ್ತೂಲು ಒರೆಸುವ ಹೊತ್ತು. ತಗಡಿನ ಚಾವಣಿಯ ಕೆಳಗೆ ಉದ್ದನೆಯ ಮೇಜು, ಅದರ ಸುತ್ತ ನಲವತ್ತು ಜನ ಹೊಸಬರು. ಮೇಷ್ಟ್ರು ಒಂದೊಂದೇ ಪಿಸ್ತೂಲು ಪರೀಕ್ಷಿಸಿ ನನಗೆ ಕೊಡುವುದು, ನಾನು ನೋಡಿ ಮುಂದೆ ದಾಟಿಸುವುದು. ಹದಿಮೂರೋ ಹದಿನಾಲ್ಕನೆಯದೋ ಇರಬೇಕು. ಅವರು ಮ್ಯಾಗಜಿನ್ ತೆಗೆದರು, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದರು, ನೋಡಿದರು, ಬೆರಳು ಹಾಕಿದರು.

“ಖಾಲಿ.”

ನಾನು ಬೆರಳು ಹಾಕಿದೆ. ನುಣುಪಾದ ಹಿತ್ತಾಳೆಯ ಅಂಚು ತಗಲಿತು. ಗುಂಡನ್ನು ಹೊರಗೆಳೆಯುವ ಸಣ್ಣ ಕೊಕ್ಕೆ ಸವೆದು, ಒಂದು ಗುಂಡು ಗೂಡಿನಲ್ಲೇ ಉಳಿದಿತ್ತು. ಚಾವಣಿಯ ನೆರಳಿನಲ್ಲಿ ಅದು ಕಣ್ಣಿಗೆ ಕಾಣುತ್ತಿರಲಿಲ್ಲ.

ಗುಂಡು ಸಿಕ್ಕವರು ಎಲ್ಲರಿಗೂ ಕೇಳುವಂತೆ ಕೂಗಬೇಕು. ಅದೂ ಅವರದೇ ಕಾನೂನು. ಕೂಗಿದರೆ ಅವರ ಮೂವತ್ತು ವರ್ಷ ನಲವತ್ತು ಜನರೆದುರು ಮಣ್ಣುಪಾಲು. ಪಿಸ್ತೂಲಿನ ಮೂತಿಯನ್ನು ಮರಳಿನ ಮೂಟೆಯ ಕಡೆ ತಿರುಗಿಸಿ ಹಿಡಿದೆ. ಇದನ್ನು ಪಕ್ಕಕ್ಕಿಟ್ಟು ಆಮೇಲೆ ಸದ್ದಿಲ್ಲದೆ ಸರಿಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬಂದದ್ದು ನಿಜ.

ಮೇಷ್ಟ್ರು ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು.

“ಹೇಳಮ್ಮ,” ಅಂದರು ಮೆಲ್ಲಗೆ. “ನಾನು ಕಲಿಸಿದ ಹಾಗೇ ಹೇಳು. ಗಟ್ಟಿಯಾಗಿ.”

“ಗುಂಡಿದೆ!” ಎಂದು ಕೂಗಿದೆ.

ನಲವತ್ತು ಜನರೂ ಮೇಜಿನಿಂದ ಹಿಂದೆ ಸರಿದರು. ಮೇಷ್ಟ್ರು ತಮ್ಮ ಬಲಗೈ ಎತ್ತಿ ತೋರಿಸಿದರು. “ನೋಡ್ಕೊಳ್ಳಿ. ಈ ಬೆರಳಿಗೆ ಈಗ ಸ್ಪರ್ಶ ಗೊತ್ತಾಗಲ್ಲ. ಗೊತ್ತಿದ್ದೂ ಮುಚ್ಚಿಟ್ಟೆ. ಇವಳು ನನ್ನನ್ನ ನಂಬಿದ್ದಿದ್ರೆ ಈಗ ನಿಮ್ಮಲ್ಲೊಬ್ಬ ಟ್ರಿಗರ್ ಒತ್ತುತ್ತಿದ್ದ.” ಅಷ್ಟು ಹೇಳಿ ನೇರವಾಗಿ ಸಾಹೇಬರ ಕೋಣೆಗೆ ಹೋಗಿ ತಮ್ಮ ಮೇಲೆ ತಾವೇ ದೂರು ಬರೆದುಕೊಟ್ಟು ಬಂದರು. ನನ್ನ ಹೆಸರಿನ ಮುಂದೆ “ಸರಿಯಾಗಿ ಪರೀಕ್ಷಿಸಿದಳು” ಎಂದು ಬರೆದಿದ್ದರಂತೆ. ನಾನು ಕಾಯಿಲೆಯ ವಿಷಯ ಬಚ್ಚಿಟ್ಟಿದ್ದನ್ನು ಬರೆದಿರಲಿಲ್ಲ. ಮರುದಿನ ನಾನೇ ಹೋಗಿ ಹೇಳಿ ಬೈಸಿಕೊಂಡೆ.

ಉಳಿದ ದಿನಗಳನ್ನು ಅವರು ಉಗ್ರಾಣದಲ್ಲಿ ಕಳೆದರು. ಬೂಟು ಹಂಚುವಾಗಲೂ ಪ್ರತಿಯೊಂದರ ಒಳಗೆ ಕೈ ಹಾಕಿ ನೋಡುತ್ತಿದ್ದರಂತೆ.

ಕೊನೆಯ ದಿನ ರೇಂಜಿಗೆ ಬಂದರು. ಪಾಠಕ್ಕೆಂದು ಅವರ ಹೆಸರಿನಲ್ಲಿದ್ದ ಹಳೆಯ ರಿವಾಲ್ವರನ್ನು ನನಗೆ ಒಪ್ಪಿಸಬೇಕಿತ್ತು. ಉರುಳೆ ತೆರೆದು ಚಾಚಿದರು.

“ಖಾಲಿ.”

ಆರು ತೂತುಗಳಾಚೆ ಬೆಳಕು ಕಾಣುತ್ತಿತ್ತು. ಇವತ್ತೊಂದು ದಿನ ಇವರ ಮಾತು ನಂಬಿಬಿಡಬೇಕು, ಅದೇ ಇವರಿಗೆ ನಾನು ಕೊಡಬಹುದಾದ ಮರ್ಯಾದೆ ಅನ್ನಿಸಿತು. ಅವರು ಕಾಯುತ್ತಾ ನಿಂತಿದ್ದರು. ನಾನು ಒಂದೊಂದಾಗಿ ಆರಕ್ಕೂ ಬೆರಳು ಹಾಕಿದೆ.

“ಖಾಲಿ, ಸರ್.”

ಅವರ ಕಣ್ಣು ತುಂಬಿ ಬಂತು. ನನ್ನ ಕಿರುಬೆರಳನ್ನು ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡರು.

“ನನಗೇನೂ ಗೊತ್ತಾಗ್ತಿಲ್ಲ ಕಣಮ್ಮ,” ಅಂದರು. “ಬೆಚ್ಚಗಿದೆಯಾ?”

“ಬೆಚ್ಚಗಿದೆ, ಸರ್.”