ಔರಾದಿಗೆ ತಡವಾಗಿ ಮುಟ್ಟಿದ ಮದುವೆ

ನಮ್ಮ ಮನೆಯಲ್ಲಿ ಒಂದು ಸರ್ವರ್ ಇದೆ. ಬೀದರಿನ ಚಿದ್ರಿಯ ನಮ್ಮ ಓಣಿಯಲ್ಲಿ ಈ ಮಾತನ್ನು ಎದೆಯುಬ್ಬಿಸಿ ಹೇಳಬಲ್ಲವನು ನಾನೊಬ್ಬನೇ. ನೋಡಲು ಬಂದವರಿಗೆ ಮಾತ್ರ ತುಸು ನಿರಾಶೆಯಾಗುತ್ತದೆ. ಅದು ಮಗಳು ಓದು ಮುಗಿಸಿ ಬಿಟ್ಟ ಹಳೆಯ ಕಂಪ್ಯೂಟರ್. ಕಪಾಟಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ ಕುಳಿತು ಗುಂಯ್‌ಗುಡುತ್ತದೆ.

ಮಗಳ ಮದುವೆ ಭಾಲ್ಕಿಯಲ್ಲಿ ಗೊತ್ತಾದ ಮೇಲೆ, ಔರಾದಿನಲ್ಲಿರುವ ನನ್ನ ಅಕ್ಕ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಬಸ್ಸಿರಲಿ, ಜೀಪಿನಲ್ಲೂ ಕೂಡಿಸಬೇಡಿ ಎಂದರು ಡಾಕ್ಟರು. ಕನ್ನಡ, ಮರಾಠಿ ಎರಡೂ ಆಡುವ ನಮ್ಮಂಥ ಮನೆಗಳಲ್ಲಿ ವಧೂವರರ ನಡುವೆ ಅಂತರಪಟ ಹಿಡಿದಾಗ ಬಂಧುಗಳು ಒಬ್ಬೊಬ್ಬರಾಗಿ ಮಂಗಳಾಷ್ಟಕ ಹಾಡುತ್ತಾರೆ. ಕೊನೆಯದು ಸೋದರತ್ತೆಯದು, ಹುಡುಗಿಯ ಹೆಸರು ಸೇರಿಸಿ ಅವಳೇ ಕಟ್ಟಿದ್ದು. ಅದು ಮುಗಿದ ಮೇಲೇ ಬಟ್ಟೆ ಸರಿಯುವುದು.

"ಅತ್ತಿ ಹಾಡಲಿಲ್ಲಂದ್ರ ನನಗ ಮದಿವಿ ಆದಂಗ ಅನಸಾಂಗಿಲ್ಲಪ್ಪಾ" ಎಂದು ಮಗಳು ಕಣ್ಣೀರಿಟ್ಟಳು.

"ಹಾಡ್ತಾಳ. ನಾ ಇದ್ದೇನಲ್ಲ" ಎಂದೆ.

ಫೋನ್ ಹಚ್ಚಿದ್ದರೆ ಸಾಲುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸಾಲುತ್ತಿತ್ತೇನೋ. ಆದರೆ ಜೀವನವಿಡೀ ಭೌತಶಾಸ್ತ್ರ ಕಲಿಸಿದವನು ಅಷ್ಟು ಸುಲಭದ ದಾರಿ ಹಿಡಿಯುವುದು ಹೇಗೆ? ಭಾಲ್ಕಿಯ ಚಿತ್ರ ಬೀದರಿನ ನಮ್ಮ ಕಪಾಟಿಗೆ ಬಂದು ಔರಾದಿಗೆ ಹೋಗಬೇಕು, ಔರಾದಿನ ಹಾಡು ಅದೇ ದಾರಿಯಲ್ಲಿ ಭಾಲ್ಕಿಯ ಸ್ಪೀಕರಿಗೆ ಬರಬೇಕು. ಸರ್ವರ್ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತದೆ; ಆ ಕಡೆಯ ಫೋನು ನಾಲ್ಕು ತುಂಡು ಕೂಡಿಟ್ಟುಕೊಂಡೇ ತೋರಿಸತೊಡಗುತ್ತದೆ. ಹೆಚ್ಚು ಕೂಡಿಟ್ಟರೆ ಚಿತ್ರ ತಡವರಿಸುವುದಿಲ್ಲ. ನಾನು ಧಾರಾಳವಾಗಿಯೇ ಕೂಡಿಡಿಸಿದೆ.

ಪರೀಕ್ಷೆಗೆಂದು ಪಡಸಾಲೆಯಲ್ಲಿ ಕ್ಯಾಮೆರಾದ ಮುಂದೆ ಕೈಯೆತ್ತಿ ನಿಂತೆ. ಅಡುಗೆಮನೆಯಲ್ಲಿ ಫೋನು ನೋಡುತ್ತಿದ್ದ ಹೆಂಡತಿ, "ನೀವು ಕೈ ಎತ್ತಿದ್ದು ಈಗ ಕಾಣಸ್ತು ನೋಡ್ರಿ. ಅಷ್ಟರಾಗ ನನ್ನ ಚಹಾ ಉಕ್ಕಿ ಹೋಯ್ತು" ಎಂದಳು. ನಾವು ನೋಡುವ ಸೂರ್ಯನೇ ಕೆಲವು ನಿಮಿಷ ಹಳೆಯವನು, ಮದುವೆ ತುಸು ತಡವಾಗಿ ಮುಟ್ಟಿದರೆ ಯಾರ ಗಂಟು ಹೋಗುತ್ತದೆ ಎಂದು ಅವಳಿಗೆ ಪಾಠ ಮಾಡಿದೆ. ಅವಳು ಒಲೆ ಒರೆಸುತ್ತಿದ್ದಳು.

ಮದುವೆಯ ದಿನ ಎಲ್ಲ ಸುಸೂತ್ರ. ಹುಡುಗಿಯ ಚಿಕ್ಕಪ್ಪನ ಮಂಗಳಾಷ್ಟಕ ಮುಗಿಯಿತು. ಪುರೋಹಿತರು ಮೈಕಿನಲ್ಲಿ, "ಈಗ ಔರಾದಿನಿಂದ ಸೋದರತ್ತಿಯವರು ಹಾಡ್ತಾರ್ರಿ" ಎಂದರು. ಸ್ಪೀಕರಿನಲ್ಲಿ ಸದ್ದಿಲ್ಲ. ಅಲ್ಲಿ ಅಕ್ಕ ಇನ್ನೂ ಚಿಕ್ಕಪ್ಪನ ಅಷ್ಟಕವನ್ನೇ ಕೇಳುತ್ತಿದ್ದಳು. ಅವಳಿಗೆ ಕರೆ ಮುಟ್ಟಬೇಕು, ಅವಳ ದನಿ ತಿರುಗಿ ಇಲ್ಲಿಗೆ ಬರಬೇಕು: ತಡಕ್ಕೆ ತಡ ಕೂಡುತ್ತದೆಂಬ ಲೆಕ್ಕ ನನಗೆ ಹೊಳೆದದ್ದೇ ಆಗ. ಅಂತರಪಟ ಹಿಡಿದವರು ಕೈ ಬದಲಿಸಿದರು. ತಾಳ್ಮೆಗೆಟ್ಟ ಯಾರೋ ಅಕ್ಷತೆ ಎಸೆದರು. ಇಡೀ ಮಂಟಪ ಎಸೆಯಿತು. ಬಾಜಾದವರು ಶುರು ಮಾಡಿಯೇಬಿಟ್ಟರು.

"ಮುಹೂರ್ತ ಮೀರ್ತದ್ರಿ" ಎಂದು ಪುರೋಹಿತರು ಬಟ್ಟೆ ಸರಿಸಹೊರಟರು. ಅದು ಸರಿಯಲಿಲ್ಲ. ಆಚೆಯಿಂದ ನನ್ನ ಮಗಳು ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ನಿಂದರ್ರಿ. ಅತ್ತಿ ಬರ್ಲಿಕತ್ತಾಳ."

ಬಾಜಾ ನಿಂತಿತು. ಮಂಟಪವೆಲ್ಲ ಸ್ಪೀಕರಿನ ಕಡೆ ತಿರುಗಿ ಸುಮ್ಮನೆ ನಿಂತಿತು. ಆಮೇಲೆ ಬಂತು ಅಕ್ಕನ ದನಿ, ಒಂಚೂರೂ ತಡವರಿಸದೆ. ಹಾಡು ಮುಗಿದಾಗ ಯಾರ ಕೈಯಲ್ಲೂ ಅಕ್ಷತೆ ಉಳಿದಿರಲಿಲ್ಲ. ಮುಂದಿದ್ದವರ ತಲೆ, ಹೆಗಲ ಮೇಲಿಂದ ಆರಿಸಿ ಆರಿಸಿ ಎಸೆದರು.

ಊಟಕ್ಕೆ ಮುಂಚೆ ಅಕ್ಕನಿಗೆ ಫೋನ್ ಮಾಡಿದೆ, ಸಮಜಾಯಿಷಿ ಸಿದ್ಧ ಮಾಡಿಕೊಂಡೇ. ಅವಳು ಅದಕ್ಕೆ ಎಡೆಗೊಡಲಿಲ್ಲ.

"ತಮ್ಮಾ, ನಾ ಇಲ್ಲಿ ಹಾಡ್ಲಿಕತ್ತಿದ್ದೆ, ಫೋನಿನಾಗ ನೀವೆಲ್ಲಾ ಇನ್ನಾ ನನ್ನ ದಾರಿ ಕಾಯ್ಕೋತ ನಿಂತಿದ್ರಿ. ಹುಡುಗಿ ಬಟ್ಟಿ ಬಿಡವಲ್ಲಳು. ಅಲ್ಲೇ ಬಂದು ಹಾಡಿದ್ರ ಇದು ನನಗ ಕಾಣ್ತಿತ್ತೇನೋ?"

ಈಗ ಯಾರಾದರೂ ಕೇಳಿದರೆ, ಆ ತಡ ನಾನು ಬೇಕೆಂದೇ ಇಟ್ಟದ್ದು ಎನ್ನುತ್ತೇನೆ.