ಹಿಂದಿನ ಮೆಟ್ಟಿಲಿನ ಬೋರ್ಡು

ಆ ದಿನ ಬೆಳಿಗ್ಗೆ ಹಾಲು ಒಡೆಯಿತು. ಪೇಂಟರ್ ಪಾತ್ರೆಯೊಳಗೆ ಇಣುಕಿ, "ಗೋ ಬ್ಯಾಡ್" ಅಂದ. ಇಂಗ್ಲಿಷಿನಲ್ಲಿ ಹೇಳಿದರೆ ಹಾಲು ಸರಿಹೋಗುತ್ತಾ ಅಂತ ಹೆಂಡತಿ ಕೇಳಿದಳು. ಸರಿಹೋಗಲ್ಲ, ಆದರೆ ಒಡೆದ ಹಾಲಿಗೂ ಒಂದು ಮರ್ಯಾದೆ ಬರುತ್ತೆ ಅಂದ. ಹೆಬ್ಬೆರಳಿಗೆ ಅಂಟಿದ್ದ ಕೆಂಪು ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿಕೊಂಡು, ಹಾಲಿಲ್ಲದ ಚಹಾ ಕುಡಿದ.

ಚಪ್ಪಲಿ ಹಾಕಿಕೊಳ್ಳುತ್ತಾ, ಸಂಜೆ ತಂಗಿ ಮನೆಗೆ ಹೋಗೋದಿದೆ, ನಾನು ಬರೋ ಹೊತ್ತಿಗೆ ಗೆಟ್ ರೆಡಿ ಅಂದ. ಅವಳು ಬಟ್ಟೆ ಹಿಂಡುತ್ತಿದ್ದಳು. ಹೂಂ ಅಂದಳು. ತಲೆ ಎತ್ತಲಿಲ್ಲ. ದಿನಾ ಹೋಗಿ ದಿನಾ ಬರುವ ಗಂಡನನ್ನು ಯಾರು ತಲೆ ಎತ್ತಿ ನೋಡುತ್ತಾರೆ?

ಪೇಂಟರ್ ಇದ್ದದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯಲ್ಲಿ. ಸೇರಿದಾಗ ಗೋಡೆಗೆ ಸುಣ್ಣ ಬಳಿಯುವ ಕೆಲಸ. ಕೈ ನೆಟ್ಟಗಿದೆ ಅಂತ ಬೋರ್ಡು ಬರೆಯಲು ಹಚ್ಚಿದರು. ಇಂಗ್ಲಿಷನ್ನು ಅವನು ಓದಿ ಕಲಿತದ್ದಲ್ಲ, ಬಳಿದು ಕಲಿತದ್ದು. ಹಾಗಾಗಿ ಬೋರ್ಡಿಗೆ ಹಿಡಿಸುವಷ್ಟೇ ಬರುತ್ತಿತ್ತು. ಕೀಪ್ ಕ್ಲೀನ್. ಕೀಪ್ ಕ್ವಾಯಟ್. ಗೋ ಸ್ಲೋ. ಸ್ಟೇ ಅಲರ್ಟ್. ಮೊದಲನೇ ಮಾತು ಮಾಡು ಅನ್ನುತ್ತೆ, ಎರಡನೇದು ಹೇಗೆ ಅಂತ ಹೇಳುತ್ತೆ, ಇನ್ನೇನು ಬೇಕು ಅಂತ ಅವನ ವಾದ.

ಮನೆಯಲ್ಲೂ ಅದೇ ಗೋಳು. ಅವಳು ರೇಗಿದರೆ ಸ್ಟೇ ಕಾಮ್. ಸಾರಿಗೆ ಖಾರ ಹೆಚ್ಚಾದರೆ ಗೋ ಸ್ಲೋ. ಒಮ್ಮೆ ಊಟಕ್ಕೆ ಕೂತಾಗ ದೊಡ್ಡ ಗುಟ್ಟು ಹೇಳುವವನ ಹಾಗೆ ಹೇಳಿದ: ಇಂಗ್ಲಿಷಿನಲ್ಲಿ ಕೆಟ್ಟದ್ದೆಲ್ಲ ಹೋಗುತ್ತೆ, ಒಳ್ಳೇದೆಲ್ಲ ಬರುತ್ತೆ. ಹಾಲು ಗೋ ಬ್ಯಾಡ್, ತಲೆ ಗೋ ಮ್ಯಾಡ್, ಕನಸು ಮಾತ್ರ ಕಮ್ ಟ್ರೂ.

"ಹಾಗಾದ್ರೆ ಗೋ ಸ್ಲೋ? ನಿಧಾನ ಅನ್ನೋದು ಕೆಟ್ಟದ್ದಾ?" ಅಂದಳು ಅವಳು.

"ಕಂಪನಿ ಲೆಕ್ಕದಲ್ಲಿ ಅದಕ್ಕಿಂತ ಕೆಟ್ಟದ್ದು ಇಲ್ಲ ಕಣೇ."

ಆ ಕಂಪನಿಯ ಮ್ಯಾನೇಜರಿಗೆ ಬೋರ್ಡೆಂದರೆ ಪ್ರಾಣ. ಏನು ಕೆಟ್ಟರೂ ಪೇಂಟರನ್ನು ಕರೆಸುತ್ತಿದ್ದ. ನಲ್ಲಿ ಸೋರಿ ನೆಲ ಒದ್ದೆಯಾಯಿತು, ನಲ್ಲಿ ಕೆಳಗೆ ಕೀಪ್ ಡ್ರೈ ಬಂತು. ಫ್ಯಾನು ಕಿರ್ರೋ ಅಂತ ಕೂಗತೊಡಗಿತು, ಫ್ಯಾನಿನ ಪಕ್ಕದ ಗೋಡೆಗೆ ಕೀಪ್ ಕ್ವಾಯಟ್ ಬಂತು. ಫ್ಯಾನಿಗೆ ಓದಲು ಬರದ್ದರಿಂದ ಅದು ಕೂಗುತ್ತಲೇ ಇತ್ತು. ಅಂಗಳದ ದೀಪ ಹೋಯಿತು. ಸ್ಟೇ ಅಲರ್ಟ್ ಅಂತ ಬೋರ್ಡು ಹಾಕಿದರು. ಕತ್ತಲಲ್ಲಿ ಅದು ಯಾರಿಗೂ ಕಾಣಲಿಲ್ಲ.

ಆಮೇಲೆ ಹಿಂದಿನ ಮೆಟ್ಟಿಲು. ಕಬ್ಬಿಣದ ಬೀರು ಇಳಿಸುವಾಗ ತಿರುವಿನಲ್ಲಿ ಕೈಪಿಡಿ ಕಂಬಿ ಮುರಿದು ಕೆಳಗೆ ಬಿತ್ತು. ಮಂಚದಷ್ಟು ಉದ್ದಕ್ಕೆ ಬಟ್ಟಬಯಲು, ಕೆಳಗೆ ಲಾರಿ ನಿಲ್ಲುವ ಸಿಮೆಂಟಿನ ಅಂಗಳ. ಪ್ಯಾಕಿಂಗಿನ ಹೆಂಗಸರು ರಟ್ಟಿನ ಕಟ್ಟು ಎದೆಗವಚಿಕೊಂಡು ಅಲ್ಲೇ ಇಳಿಯಬೇಕು. ಕಟ್ಟು ಹಿಡಿದರೆ ಅವರ ಕಾಲು ಅವರಿಗೇ ಕಾಣದು. ಅವರಲ್ಲಿ ಒಬ್ಬಳು ಪೇಂಟರನ ತಂಗಿ.

ಗೋ ಸ್ಲೋ ಬಂತು. ಆದರೂ ಒಬ್ಬ ಗುಮಾಸ್ತ ಜಾರಿ ಮಂಡಿ ಒಡೆದುಕೊಂಡ. ಮೀಟಿಂಗ್ ಆಯಿತು. ಒಂದು ಬೋರ್ಡು ಸಾಲದು, ಇನ್ನೊಂದು ಬೇಕು ಅಂತ ತೀರ್ಮಾನವಾಯಿತು.

ಹಾಲು ಒಡೆದ ದಿನ ಮಧ್ಯಾಹ್ನ ಪೇಂಟರ್ ಆ ಇನ್ನೊಂದನ್ನು ತಿರುವಿನ ಗೋಡೆಗೆ ಹೊಡೆದ. ಹೊಡೆದು, ನೇರವಾಗಿದೆಯಾ ಅಂತ ನೋಡಲು ಹಿಂದಕ್ಕೆ ಸರಿದ. ಬೋರ್ಡು ಬರೆಯುವವರೆಲ್ಲ ಹಾಗೇ ನೋಡುವುದು. ಕಣ್ಣು ಬೋರ್ಡಿನ ಮೇಲೆ, ಕಾಲು ಹಿಂದಕ್ಕೆ.

ಬೋರ್ಡು ನೇರವಾಗಿತ್ತು.

ಆಸ್ಪತ್ರೆಯಲ್ಲಿ ಹೆಂಡತಿ ಗೋಡೆಗೊರಗಿ ಅತ್ತಳು. ನರ್ಸು ಬಂದು ತಲೆ ಮೇಲಿದ್ದ ಬೋರ್ಡು ತೋರಿಸಿದಳು. ಕೀಪ್ ಕ್ವಾಯಟ್. ಓದಲು ಬರದಿದ್ದರೂ ಆ ಆಕಾರ ಅವಳಿಗೆ ಗೊತ್ತಿತ್ತು. ಅಕ್ಷರ ಸೊಟ್ಟಗಿದ್ದವು. ಅವನು ನೋಡಿದ್ದರೆ ಒರೆಸಿ ಮತ್ತೆ ಬರೆಯುತ್ತಿದ್ದ.

ಮನೆಗೆ ಬಂದವರೆಲ್ಲ ಬೋರ್ಡಿನ ಹಾಗೇ ಮಾತಾಡಿದರು. ಮ್ಯಾನೇಜರ್ ಸ್ಟೇ ಸ್ಟ್ರಾಂಗ್ ಅಂದ. ಗುಮಾಸ್ತ ಕುಂಟುತ್ತಾ ಬಂದು ಬಿ ಬ್ರೇವ್ ಅಂದ. ಅವಳು ಕೇಳಿಸಿಕೊಂಡಳು. ಹುಷಾರಾಗಿರು ಅಂತ ನಾವೂ ಹೇಳುತ್ತೇವೆ. ಹೇಳುವಾಗ ಒಂದು ಕೈ ಹಿಡಿದುಕೊಂಡಿರುತ್ತೇವೆ.

ಕಂಪನಿ ಅವಳಿಗೆ ಕಸ ಗುಡಿಸುವ ಕೆಲಸ ಕೊಟ್ಟಿತು. ಮೊದಲ ದಿನವೇ ತಿರುವಿಗೆ ಬಂದಾಗ ಕಸಬರಿಕೆ ಕೈಯಲ್ಲೇ ಉಳಿಯಿತು. ಕಂಬಿ ಇರಲಿಲ್ಲ. ಎರಡೂ ಬೋರ್ಡು ಇದ್ದವು. ಮೇಲಿನಿಂದ ನಾದಿನಿ ಗಲ್ಲದವರೆಗೆ ರಟ್ಟಿನ ಕಟ್ಟು ಹಿಡಿದು, ಗೋಡೆಗೆ ಭುಜ ಉಜ್ಜಿಕೊಂಡು ಇಳಿಯುತ್ತಿದ್ದಳು. ಅವಳು ಕಟ್ಟಿಗೆ ಕೈ ಕೊಟ್ಟು ಕೇಳಿದಳು.

"ಇದರಲ್ಲೇ ಇಳೀತೀಯಾ ಇನ್ನೂ?"

"ಹಾರಿಕೊಂಡು ಹೋಗಕ್ಕೆ ರೆಕ್ಕೆ ಕೊಟ್ಟಿಲ್ಲ ಅತ್ತಿಗೆ. ಅಣ್ಣ ಹೋದ ಜಾಗ ಅಂತ ಕಣ್ಣು ಮುಚ್ಕೊಂಡ್ರೆ ನಾನೂ ಹೋಗ್ತೀನಿ."

ಅವಳು ಸೀದಾ ಮ್ಯಾನೇಜರ್ ಕೋಣೆಗೆ ಹೋದಳು. ಅವನು ಖುಷಿಯಿಂದ ಕೂರಿಸಿದ. ಅದೇ ಮೆಟ್ಟಿಲಿಗೆ ಪೇಂಟರ್ ನೆನಪಿಗೆ ದೊಡ್ಡ ಬೋರ್ಡು ಬರುತ್ತಿದೆ, ಅವನ ಫೋಟೋ ಹಾಕಿ ಸ್ಟೇ ಸೇಫ್ ಅಂತ ಅಚ್ಚು ಹಾಕಿಸಿದ್ದೇವೆ ಅಂದ. ಅವಳು ಕಂಬಿ ಕೇಳಿದಳು. ಅವನ ಮುಖ ಸಣ್ಣದಾಯಿತು. ಬೋರ್ಡು ಆಫೀಸಿನ ಸಾಮಾನು, ಕಂಬಿ ಕಟ್ಟಡದ ಸಾಮಾನು, ಕಟ್ಟಡ ಬಾಡಿಗೆಯದು, ಅದರ ಯಜಮಾನ ಫೋನೆತ್ತುವುದಿಲ್ಲ, ಕಟ್ಟಡ ಮುಟ್ಟುವ ಅಧಿಕಾರ ತನಗಿಲ್ಲ ಅಂತ ಸುತ್ತಿ ಬಳಸಿ ಹೇಳಿದ.

"ಬೋರ್ಡಾದ್ರೆ ಯಾರ ಅಪ್ಪಣೆನೂ ಬೇಡ್ವಾ ಸಾರ್?"

"ಬೇಡಮ್ಮ."

"ನಾನೂ ಒಂದು ಹಾಕ್ಬಹುದಾ, ಅವರ ಹೆಸರಲ್ಲಿ?"

ಅವನ ಕಣ್ಣು ತೇವವಾಯಿತು. "ಫೀಲ್ ಫ್ರೀ ಅಮ್ಮ. ಫೀಲ್ ಫ್ರೀ" ಅಂದ.

ಹಾಗಂದರೇನು ಅಂತ ಅವಳು ನಾದಿನಿಯನ್ನು ಕೇಳಿದಳು. ನಿನ್ನಿಷ್ಟ ಬಂದಂಗೆ ಮಾಡ್ಕೋ ಅಂತ, ಆದ್ರೆ ಹಂಗಂದವರ್ಯಾರೂ ಆಮೇಲೆ ಒಪ್ಪಲ್ಲ ಅಂತ ನಾದಿನಿ ಮೂಗು ಮುರಿದಳು. ಅವಳಿಗೆ ಮೊದಲರ್ಧ ಸಾಕಾಗಿತ್ತು.

ಮರುದಿನ ರಜೆ. ಇಬ್ಬರೂ ಸೇರಿ ಪೇಂಟರನ ಕಬ್ಬಿಣದ ಏಣಿಯನ್ನು ಹೊತ್ತು ತಂದರು. ದಾರಿಯುದ್ದಕ್ಕೂ ನಾದಿನಿ ಗೊಣಗಿದಳು. ಅಣ್ಣ ಬದುಕಿದ್ದಾಗ ಈ ಏಣಿ ಮುಟ್ಟಿದರೆ ಬೈಯುತ್ತಿದ್ದ, ಈಗ ಹೊರಬೇಕಾಯ್ತು ಅಂದಳು. ಏಣಿಯನ್ನು ಬಯಲಿಗೆ ಅಡ್ಡ ಮಲಗಿಸಿ, ಎರಡೂ ಕಡೆ ಉಳಿದಿದ್ದ ಕಂಬಗಳಿಗೆ ತಂತಿ ಸುತ್ತಿ ಇಕ್ಕಳದಲ್ಲಿ ಬಿಗಿದರು. ಬರೀ ಏಣಿ ಬಿಟ್ಟರೆ ಅದು ಕಟ್ಟಡದ ಸಾಮಾನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು. ಮನೆಯ ಅಟ್ಟದಲ್ಲಿ ಪೇಂಟರ್ ಬರೆದು, ಮನಸ್ಸಿಗೆ ಬಾರದೆ ಎಸೆದಿದ್ದ ತಗಡುಗಳಿದ್ದವು. ಅವನ್ನು ಏಣಿಗೆ ಕಟ್ಟಿದಳು. ಗೋ ಸ್ಲೋ, ಕೀಪ್ ಕ್ಲೀನ್, ಸ್ಟೇ ಕಾಮ್, ಒಂದು ತಲೆಕೆಳಗಾಗಿತ್ತು.

ಕೆಲಸದ ದಿನ ಮ್ಯಾನೇಜರ್ ಬಂದು ನಿಂತ. ಏನಮ್ಮ ಇದು ಅಂದ.

"ಬೋರ್ಡು ಸಾರ್."

ಮೊನ್ನೆ ತಾನೇ ಆಡಿದ ಫೀಲ್ ಫ್ರೀ ಅವನಿಗೆ ನೆನಪಾಗಿರಬೇಕು. ಕೆಳಗೆ ಬಗ್ಗಿ ನೋಡಲು ಏಣಿಯ ಮೇಲೆ ಎರಡೂ ಕೈ ಊರಿದ. ಅದು ಅಲುಗಲಿಲ್ಲ. ಅವನು ತುಂಬ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ತನ್ನ ಕೋಣೆಗೆ ಹೋದ. ಅಷ್ಟರಲ್ಲೇ ನಾದಿನಿ ಕಟ್ಟು ಹಿಡಿದು ಇಳಿದಳು. ಈ ಸಲ ಗೋಡೆಗೆ ಉಜ್ಜಲಿಲ್ಲ. ಮೊಣಕೈಯನ್ನು ಗೋ ಸ್ಲೋ ಮೇಲೆ ತಾಗಿಸಿಕೊಂಡು, ಬೇಗಬೇಗನೇ ಇಳಿದಳು.

ದೊಡ್ಡ ಆಫೀಸಿನಿಂದ ಸೂಟು ಹಾಕಿದವರು ಬಂದಾಗ ಅಲ್ಲೇ ನಿಂತು ಲುಕ್ಸ್ ಗುಡ್ ಅಂದು ಫೋಟೋ ಹಿಡಿದುಕೊಂಡರು. ಒಂದೇ ಜಾಗದಲ್ಲಿ ಇಷ್ಟು ಬೋರ್ಡು ಅವರು ಎಲ್ಲೂ ನೋಡಿರಲಿಲ್ಲವಂತೆ. ಮ್ಯಾನೇಜರಿಗೆ ಶಹಬಾಸ್‌ಗಿರಿ ಸಿಕ್ಕಿತು. ಫೋಟೋದ ದೊಡ್ಡ ಬೋರ್ಡೂ ಬಂತು. ಅದರಲ್ಲಿ ಪೇಂಟರ್ ನಗುತ್ತಿದ್ದಾನೆ. ಅದನ್ನು ಸ್ವಲ್ಪ ಸೊಟ್ಟಗೆ ಹೊಡೆದಿದ್ದಾರೆ. ಸರಿಯಾಗಿದೆಯಾ ಅಂತ ಹಿಂದೆ ಸರಿದು ನೋಡಲು ಯಾರಿಗೂ ಧೈರ್ಯವಾಗಲಿಲ್ಲ.

ಕಂಬಿ ಇನ್ನೂ ಬಂದಿಲ್ಲ. ಒಳ್ಳೇದೆಲ್ಲ ಬರುತ್ತೆ ಅಂದಿದ್ದ.

ಬೆಳಿಗ್ಗೆ ಬಾಗಿಲು ತೆರೆಯುವವಳು ಅವಳೇ. ಕಸಬರಿಕೆ ಹಿಡಿಯುವ ಮುಂಚೆ ಹಿಂದಿನ ಮೆಟ್ಟಿಲಿಗೆ ಹೋಗುತ್ತಾಳೆ. ತಂತಿ ಎಲ್ಲಿ ಸಡಿಲಾಗಿದೆ ಅಂತ ಬೆರಳಾಡಿಸಿ ನೋಡಿ, ಅವನ ಇಕ್ಕಳದಿಂದ ಬಿಗಿ ಮಾಡುತ್ತಾಳೆ. ಸೀಮೆಎಣ್ಣೆ ಬಟ್ಟೆಯಲ್ಲಿ ತಗಡು ಒರೆಸುತ್ತಾಳೆ. ಕೊನೆಗೆ ತನ್ನ ಭಾರವನ್ನೆಲ್ಲ ಏಣಿಯ ಮೇಲೆ ಹಾಕಿ ಒರಗುತ್ತಾಳೆ. ಅದು ತಡೆದ ಮೇಲೆ, ಮೇಲಿನ ಬಾಗಿಲಿನ ಅಗುಳಿ ತೆಗೆಯುತ್ತಾಳೆ.